ಬೈಸಿಕಲ್ಲೂ ಕಾವಲಿನ ಕಣ್ಣೂ

ಚರಿತ್ರೆ ಬರೆಯುವವರಿಗೆ ಸಾಮಾನ್ಯವಾಗಿ ದೊಡ್ಡ ಸಂಗತಿಗಳ ಮೇಲೆಯೇ ಕಣ್ಣು. ಸಿಂಹಾಸನಗಳು ಉರುಳಿದ್ದು, ಸನದುಗಳಿಗೆ ಮೊಹರು ಬಿದ್ದದ್ದು, ಸೈನ್ಯಗಳು ಹೊಳೆ ದಾಟಿದ್ದು—ಇವುಗಳಿಂದಲೇ ಅವರ ಪುಟಗಳು ತುಂಬಿಹೋಗುತ್ತವೆ. ಜಗಲಿಯ ಕಂಬಕ್ಕೆ ಒರಗಿಸಿಟ್ಟ ಬೈಸಿಕಲ್ಲಿಗೆ ಅಲ್ಲಿ ಜಾಗ ಸಿಕ್ಕುವುದು ಅಪರೂಪ. ಆದರೂ ಒಬ್ಬ ಹುಡುಗ, ಒಬ್ಬ ಹುಡುಗಿ ಪರಸ್ಪರ ನೋಡುವ, ಮಾತನಾಡುವ, ಮೆಚ್ಚುವ ಕ್ರಮ ಈ ನೂರೂ ಚಿಲ್ಲರೆ ವರ್ಷಗಳಲ್ಲಿ ಹೇಗೆ ಬದಲಾಯಿತೆಂದು ವಿಚಾರಿಸುತ್ತ ಹೊರಟಾಗಲೆಲ್ಲ ನಾನು ಬಂದು ನಿಲ್ಲುವುದು ಈ ಬಡ ವಾಹನದ ಮುಂದೆಯೇ. ಬೈಸಿಕಲ್ಲು ಪ್ರೇಮವನ್ನೇನೂ ಕಂಡುಹಿಡಿಯಲಿಲ್ಲ. ಅದು ದುಷ್ಯಂತನ ಕಾಲಕ್ಕೂ ಇತ್ತು. ಆದರೆ ದುಷ್ಯಂತನಿಗೆ ರಥವಿತ್ತು, ಶಕುಂತಲೆಗೆ ಇರಲಿಲ್ಲ. ಇಬ್ಬರಿಗೂ ವಾಹನ ಒದಗಿದಾಗ ಏನಾಯಿತೆಂಬುದೇ ಈಗ ಹೇಳಹೊರಟಿರುವ ಕಥೆ.

ಕಥೆ ನಡೆದದ್ದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ ಮತ್ತು ಅಮೆರಿಕಾದಲ್ಲಿ. ಕಾಲ, 1890ರ ದಶಕ. ಪಶ್ಚಿಮದವರೆಂದರೆ ಮೊದಲಿನಿಂದಲೂ ಕಟ್ಟುಪಾಡಿಲ್ಲದವರು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ವಿಕ್ಟೋರಿಯಾ ರಾಣಿಯ ಕಾಲದ ಉಳ್ಳವರ ಮನೆಯೊಂದರ ದಿವಾನಖಾನೆಯನ್ನು ಇಣುಕಿ ನೋಡಿದರೆ ಆ ಭಾವನೆ ಉಳಿಯುವುದಿಲ್ಲ. ಅಂಥ ಮನೆಯ ಮದುವೆಯಾಗದ ಹುಡುಗಿ ಒಬ್ಬಳೇ ನೃತ್ಯಕೂಟಕ್ಕೆ ಹೋಗುವಂತಿರಲಿಲ್ಲ, ನಾಟಕಕ್ಕೆ ಹೋಗುವಂತಿರಲಿಲ್ಲ. ಪರಪುರುಷನ ಜೊತೆಗೆ ಗಾಡಿಯಲ್ಲಿ ಕೂತು ಹೋಗುವ ಮಾತಂತೂ ದೂರ ಉಳಿಯಿತು. ತಾಯಿಯೋ, ಸೋದರತ್ತೆಯೋ, ಮದುವೆಯಾದ ಅಕ್ಕನೋ ಬೆನ್ನಿಗೇ ಇರಬೇಕು. ಹೀಗೆ ಕಾವಲಿರುವ ಹೆಂಗಸನ್ನು ಅವರು ಷಾಪರೋನ್ ಎಂದು ಕರೆಯುತ್ತಿದ್ದರು. ನಾವು ಬೆಂಗಾವಲಮ್ಮ ಎನ್ನೋಣ. ಯುವಕನೊಬ್ಬ ಮನೆಗೆ ಬಂದರೆ ಅವನೂ ಹುಡುಗಿಯೂ ಮಳೆಯ ವಿಚಾರವನ್ನೋ ಸಂಗೀತದ ವಿಚಾರವನ್ನೋ ಮಾತನಾಡಬಹುದು. ಬೆಂಗಾವಲಮ್ಮ ಕೋಣೆಯ ಮೂಲೆಯಲ್ಲಿ ಹೆಣಿಗೆ ಹಾಕುತ್ತ ಕೂತಿರುತ್ತಾಳೆ. ಅವಳ ಕಣ್ಣು ಹೆಣಿಗೆಯ ಮೇಲೆ, ಕಿವಿ ಮಾತಿನ ಮೇಲೆ.

ನಮ್ಮ ಹೆಣ್ಣು ನೋಡುವ ಶಾಸ್ತ್ರವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರಲಾರದು. ಅಲ್ಲಿ ಚಹ, ಬಿಸ್ಕತ್ತು. ಇಲ್ಲಿ ಉಪ್ಪಿಟ್ಟು, ಕೇಸರಿಬಾತು. ಎರಡು ವ್ಯವಸ್ಥೆಗಳೂ ನಿಂತಿದ್ದದ್ದು ಒಂದೇ ಲೆಕ್ಕದ ಮೇಲೆ: ಹುಡುಗಿ ಹಿರಿಯರ ಕಣ್ಣಳತೆಯನ್ನು ಮೀರಿ ಹೋಗಲಾರಳು ಎಂಬ ಲೆಕ್ಕ. ಅವಳು ನಡೆದು ಹೋದಷ್ಟು ದೂರ ಬೆಂಗಾವಲಮ್ಮನೂ ನಡೆದು ಹೋಗಬಲ್ಲಳು. ಗಾಡಿಯಲ್ಲಿ ಹೋದರೆ ಎದುರಿನ ಆಸನ ಬೆಂಗಾವಲಮ್ಮನಿಗೆ ಮೀಸಲು. ರೈಲಿನಲ್ಲಿ ಹೋದರೆ ಹತ್ತಿಸುವವರೊಬ್ಬರು, ಇಳಿಸಿಕೊಳ್ಳುವವರೊಬ್ಬರು. ಈ ಲೆಕ್ಕವನ್ನು ತಪ್ಪಿಸಿದ್ದೇ ಬೈಸಿಕಲ್ಲು.

ಯಂತ್ರದ ಜಾತಕವನ್ನೂ ಸ್ವಲ್ಪ ನೋಡಬೇಕು. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಮರದ ಗಾಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕೂತು, ಕಾಲಿನಿಂದ ನೆಲವನ್ನು ಒದ್ದು ಓಡಿಸಿದ. 1860ರ ದಶಕದಲ್ಲಿ ಪ್ಯಾರಿಸ್ಸಿನವರು ಮುಂದಿನ ಗಾಲಿಗೆ ಪೆಡಲು ಇಟ್ಟರು. ಕಲ್ಲು ಹಾಸಿದ ಬೀದಿಯಲ್ಲಿ ಅದರ ಸವಾರಿ ಎಂಥದೆಂಬುದು ಇಂಗ್ಲಿಷರು ಅದಕ್ಕೆ ಇಟ್ಟ ‘ಮೂಳೆ ಅಲುಗಿಸುವ ಯಂತ್ರ’ ಎಂಬ ಅಡ್ಡಹೆಸರಿನಿಂದಲೇ ತಿಳಿಯುತ್ತದೆ. 1870ರ ದಶಕದಲ್ಲಿ ಬಂದದ್ದು ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಎತ್ತರದ ಸೈಕಲ್ಲು. ಅದರಿಂದ ಬಿದ್ದವನು ತಲೆ ಕೆಳಗಾಗಿಯೇ ಬೀಳುತ್ತಿದ್ದ. ನೆಲ ಗುಡಿಸುವ ಲಂಗ ತೊಟ್ಟ ಹೆಂಗಸು ಅದನ್ನು ಏರುವ ಮಾತೇ ಇರಲಿಲ್ಲ. ಅವಳಿಗೆ ಮೂರು ಗಾಲಿಯ ವಾಹನವೇ ಗತಿ. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅಂಥ ಎರಡು ಮೂರುಗಾಲಿಗಳನ್ನು ತರಿಸಿಕೊಂಡಳು. ಗಂಡು ಹೆಣ್ಣು ಅಕ್ಕಪಕ್ಕದಲ್ಲಿ ಕೂತು ತುಳಿಯುವ ಮೂರುಗಾಲಿಯೂ ಇತ್ತು. ಆದರೆ ಅದು ಗಾಡಿಯಷ್ಟೇ ಭಾರ, ಗಾಡಿಯಷ್ಟೇ ಅಗಲ. ಮನೆಯ ಬಾಗಿಲಲ್ಲಿ ನುಗ್ಗದು. ಗುಟ್ಟಾಗಿ ತೆಗೆದುಕೊಂಡು ಹೋಗುವ ಸಾಧನವಂತೂ ಅಲ್ಲ.

1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತನ್ನ ‘ರೋವರ್’ ಸೈಕಲ್ಲನ್ನು ಹೊರಗೆ ತಂದ. ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಗಾಲಿ, ನಡುವೆ ಪೆಡಲು, ಹಿಂದಿನ ಗಾಲಿಗೆ ಚೈನು. ನಮ್ಮ ಬೀದಿಯಲ್ಲಿ ಇಂದಿಗೂ ಓಡುವ ಸೈಕಲ್ಲು ಅದರ ಮೊಮ್ಮಗ. ಮೂರು ವರ್ಷಗಳ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿ ದನಕುದುರೆಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಮೆತ್ತಗೆ ಓಡಲೆಂದು ರಬ್ಬರು ಕೊಳವೆಗೆ ಗಾಳಿ ತುಂಬಿ ಕಟ್ಟಿ, ಟೈರಿಗೆ ಪೇಟೆಂಟು ಪಡೆದ. (ಇವನಿಗಿಂತ ನಲವತ್ತು ವರ್ಷ ಮೊದಲೇ ಇನ್ನೊಬ್ಬ ಸ್ಕಾಟಿಷ್ ಮನುಷ್ಯ ಇದೇ ಉಪಾಯಕ್ಕೆ ಪೇಟೆಂಟು ಪಡೆದಿದ್ದನಾದ್ದರಿಂದ ಡನ್‌ಲಪ್ಪನದು ಆಮೇಲೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.) ಹೆಂಗಸರಿಗಾಗಿ ನಡುವಿನ ಅಡ್ಡಬಾರನ್ನು ಬಗ್ಗಿಸಿದ, ಹಿಂದಿನ ಗಾಲಿಗೆ ಲಂಗ ಸಿಕ್ಕದಂತೆ ಬಲೆ ಹೆಣೆದ ಸೈಕಲ್ಲುಗಳು ಬೇಗನೆ ಬಂದವು. ಅಮೆರಿಕಾದ ಕಾರ್ಖಾನೆಗಳು 1890ರ ದಶಕದ ನಡುವಿನ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನಲ್ಲಿ ಸೈಕಲ್ಲು ಮಾಡುತ್ತಿದ್ದವು.

ಈಗ ನಮ್ಮ ಬೆಂಗಾವಲಮ್ಮನ ಅವಸ್ಥೆಯನ್ನು ಊಹಿಸಿಕೊಳ್ಳಿ. ಐವತ್ತು ದಾಟಿದ ಸೋದರತ್ತೆ. ಕಾಲಿನಲ್ಲಿ ಸಂಧಿವಾತ. ಹುಡುಗಿ ಬೆಳಗ್ಗೆ ಸೈಕಲ್ಲು ಹತ್ತಿ ಹೊರಟಳು. ತಿರುವಿನಲ್ಲಿ ಒಬ್ಬ ಯುವಕನೂ ಸೈಕಲ್ಲು ಹತ್ತಿ ಹೊರಟ. ಗಂಟೆಗೆ ಹತ್ತು ಮೈಲಿ ಓಡುವವರನ್ನು ಗಂಟೆಗೆ ಎರಡು ಮೈಲಿ ನಡೆಯುವವಳು ಕಾಯುವುದು ಹೇಗೆ? ಅದಕ್ಕೂ ಒಂದು ಉಪಾಯ ಹುಡುಕಿದರು. 1896ರಲ್ಲಿ ಲಂಡನ್ನಿನಲ್ಲಿ ಬೆಂಗಾವಲು ಸೈಕಲ್ಲುಗಾರ್ತಿಯರ ಸಂಘವೇ ಹುಟ್ಟಿತು. ಮನೆಯವರು ಹಣ ತೆತ್ತರೆ ಸಂಭಾವಿತ ಮನೆತನದ, ಸೈಕಲ್ಲು ಬಲ್ಲ ಹೆಂಗಸೊಬ್ಬಳು ಹುಡುಗಿಯ ಜೊತೆಗೆ ತುಳಿದುಕೊಂಡು ಬರುವಳು. ಕಾಲದ ಜೊತೆಗೆ ಹೆಜ್ಜೆ ಹಾಕಲು ಒಂದು ಹಳೆಯ ಪದ್ಧತಿ ಇಷ್ಟು ಶ್ರದ್ಧೆಯಿಂದ ಕಾಲೆತ್ತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಹೆಜ್ಜೆ ಕೂಡಲಿಲ್ಲ. ಎತ್ತರದ ದಿಣ್ಣೆ ಬಂದಾಗ ಹಿಂದೆ ಬೀಳುವವರು ಯಾರೆಂಬುದು ಹುಡುಗಿಗೂ ಗೊತ್ತಿತ್ತು, ಯುವಕನಿಗೂ ಗೊತ್ತಿತ್ತು.

ಇಬ್ಬರು ತುಳಿಯುವ ಜೋಡಿ ಸೈಕಲ್ಲೂ ಆಗಲೇ ಬಂದಿತ್ತು. 1892ರಲ್ಲಿ ಹ್ಯಾರಿ ಡೇಕರ್ ಎಂಬಾತ ಕಟ್ಟಿದ ‘ಡೇಸಿ ಬೆಲ್’ ಎಂಬ ಹಾಡು ಲಂಡನ್ನಿನ ಬೀದಿಬೀದಿಯಲ್ಲಿ ಕೇಳಿಬಂತು. ಅದರಲ್ಲಿ ಬಡ ಯುವಕನೊಬ್ಬ, ಮದುವೆಗೆ ಸಾರೋಟು ತರುವ ಶಕ್ತಿ ತನಗಿಲ್ಲ, ಜೋಡಿ ಸೈಕಲ್ಲಿನಲ್ಲಿ ಕರೆದೊಯ್ಯುತ್ತೇನೆ ಎನ್ನುತ್ತಾನೆ. ಹಾಡು ಲಘುವಾದದ್ದೇ. ಆದರೆ ಅದರ ಒಳಗಿನ ಮಾತು ಹೊಸದು. ವರನ ಯೋಗ್ಯತೆಯನ್ನು ಅವನ ಕುದುರೆಗಾಡಿಯಿಂದ ಅಳೆಯುತ್ತಿದ್ದ ಸಮಾಜದಲ್ಲಿ ಗಾಡಿಯಿಲ್ಲದವನೂ ಬಾಯಿ ತೆರೆದು ಕೇಳಬಹುದಾಯಿತು. ಹುಡುಗಿಯೂ ತನ್ನ ಪಾಲಿನ ಪೆಡಲನ್ನು ತಾನೇ ತುಳಿಯಬಹುದಾಯಿತು.

ಇಷ್ಟಾದ ಮೇಲೆ ಗೊಣಗಾಟ ಏಳದೆ ಇದ್ದೀತೆ? ಆ ಕಾಲದ ಪತ್ರಿಕೆಗಳು ಸೈಕಲ್ಲಿನ ಮೇಲಿನ ದೂರುಗಳಿಂದ ತುಂಬಿದ್ದವು. ಗಂಟೆ ಬಾರಿಸುತ್ತಾರೆಂದು ಕೆಲವರ ದೂರು, ಬಾರಿಸುವುದಿಲ್ಲವೆಂದು ಕೆಲವರದು. ಕಡೆಗೆ 1888ರ ಇಂಗ್ಲಿಷ್ ಶಾಸನವೊಂದು, ಸೈಕಲ್ಲು ಕೂಡ ಗಾಡಿಯೇ, ರಾತ್ರಿ ದೀಪವಿರಬೇಕು, ಮುಂದಿನವರನ್ನು ದಾಟುವಾಗ ಗಂಟೆಯನ್ನೋ ಸೀಟಿಯನ್ನೋ ಊದಿ ಬಾರಿಸಿ ಎಚ್ಚರಿಸಬೇಕು ಎಂದು ವಿಧಿಸಿತು. ಬಗ್ಗಿ ಕೂತು ಬಿರುಸಾಗಿ ಓಡಿಸುವ ಪುಂಡರು, ಅಟ್ಟಿಸಿಕೊಂಡು ಬರುವ ನಾಯಿಗಳು, ಎರಚಾಡುವ ಕೆಸರು, ನಿರ್ಜನ ರಸ್ತೆಯಲ್ಲೇ ಆಗುವ ಪಂಕ್ಚರು—ಕಿರುಕುಳಗಳ ಪಟ್ಟಿ ಉದ್ದವಾಗಿತ್ತು. ಪಂಕ್ಚರನ್ನು ಮಾತ್ರ ಎಲ್ಲರೂ ಶಪಿಸಲಿಲ್ಲ. ಹುಡುಗಿಯ ಟೈರು ಗಾಳಿ ಕಳೆದುಕೊಂಡಲ್ಲಿ ಪರಿಚಯವಿಲ್ಲದ ಯುವಕ ಇಳಿದು ಸಹಾಯ ಮಾಡಬಹುದಾಗಿತ್ತು. ಪರಿಚಯ ಮಾಡಿಸಲು ಮೂರನೆಯವರು ಬೇಕೇ ಬೇಕು ಎಂಬ ಶಿಷ್ಟಾಚಾರವನ್ನು ಒಂದು ಮುಳ್ಳು ಮುರಿಯುತ್ತಿತ್ತು.

ವೈದ್ಯರ ದೂರು ಬೇರೆ. ಸೈಕಲ್ಲು ತುಳಿಯುವ ಹೆಂಗಸರಿಗೆ ‘ಬೈಸಿಕಲ್ಲು ಮುಖ’ ಬರುತ್ತದೆಂದು ಗಂಭೀರವಾಗಿ ಬರೆದವರಿದ್ದರು. ಆಯ ತಪ್ಪದಂತೆ ನೋಡಿಕೊಳ್ಳುವ ಆತಂಕದಿಂದ ಕಣ್ಣು ಅಗಲವಾಗಿ, ದವಡೆ ಬಿಗಿದು, ಮುಖ ಹಾಗೆಯೇ ನಿಂತುಬಿಡುತ್ತದೆ ಎಂಬುದು ಅದರ ಲಕ್ಷಣ. 1895ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಸೈಕಲ್ಲು ಹತ್ತುವ ಹೆಂಗಸರಿಗೆ ‘ಬೇಡ’ಗಳ ಒಂದು ದೊಡ್ಡ ಪಟ್ಟಿಯನ್ನೇ ಅಚ್ಚುಹಾಕಿತು: ನಡುದಾರಿಯಲ್ಲಿ ಮೂರ್ಛೆ ಹೋಗಬೇಡ, ಗಂಡಸರ ಟೋಪಿ ಹಾಕಬೇಡ, ಕತ್ತಲಾದ ಮೇಲೆ ಗಂಡಸಿನ ಜೊತೆಯಿಲ್ಲದೆ ಹೊರಡಬೇಡ, ಬೈಸಿಕಲ್ಲು ಮುಖವನ್ನು ಬೆಳೆಸಿಕೊಳ್ಳಬೇಡ, ಹಸುವನ್ನು ಕಂಡು ಕಿರುಚಬೇಡ. ಹಸು ನಿನ್ನನ್ನು ಮೊದಲು ಕಂಡರೆ ತಾನೇ ಓಡುತ್ತದೆ ಎಂಬ ಭರವಸೆಯೂ ಅದರಲ್ಲಿತ್ತು. ಗಂಡಸರಿಗೂ ಅದೇ ಸೈಕಲ್ಲು, ಅದೇ ರಸ್ತೆ, ಅದೇ ಹಸು. ಆದರೆ ಇಂಥ ಪಟ್ಟಿ ಅವರ ಪಾಲಿಗೆ ಬರಲಿಲ್ಲ.

ಉಡುಪಿನ ಜಗಳ ಎಲ್ಲಕ್ಕಿಂತ ದೊಡ್ಡದು. ಲಂಗ ಗಾಲಿಗೆ ಸಿಕ್ಕಿ ಬೀಳುವುದನ್ನು ತಪ್ಪಿಸಲು ಕೆಲವರು ಸಡಿಲವಾದ ಷರಾಯಿ ತೊಟ್ಟರು. ಅಂಥವರ ಮುಂದಾಳು ಲೇಡಿ ಹಾರ್ಬರ್ಟನ್. 1898ರ ಅಕ್ಟೋಬರಿನಲ್ಲಿ ಈಕೆ ಸರ್ರೆ ಪ್ರಾಂತದ ಆಕಮ್ ಎಂಬ ಹಳ್ಳಿಯ ಹೋಟೆಲೊಂದರಲ್ಲಿ ಸೈಕಲ್ಲು ಇಳಿದು ಊಟ ಕೇಳಿದಳು. ಈ ಉಡುಪಿನವರಿಗೆ ಭೋಜನದ ಕೋಣೆಗೆ ಪ್ರವೇಶವಿಲ್ಲ, ಬೇಕಾದರೆ ಕುಡಿಯುವವರು ಕೂರುವ ಹಿಂದಿನ ಕೋಣೆಯಲ್ಲಿ ಬಡಿಸುತ್ತೇನೆ ಎಂದಳು ಹೋಟೆಲಿನೊಡತಿ. ಸೈಕಲ್ಲುಗಾರರ ಸಂಘ ಈ ವಿಷಯವನ್ನು ಕೋರ್ಟಿಗೆ ಒಯ್ಯಿತು. 1899ರಲ್ಲಿ ತೀರ್ಪು ಬಂತು: ಒಡತಿ ಊಟವನ್ನು ನಿರಾಕರಿಸಲಿಲ್ಲ, ಕೋಣೆಯನ್ನು ಮಾತ್ರ ಬದಲಿಸಿದಳು, ಆದ್ದರಿಂದ ನಿರಪರಾಧಿ. ಊಟ ಉಂಟು, ಪಂಕ್ತಿಯಲ್ಲಿ ಮಾತ್ರ ಜಾಗವಿಲ್ಲ ಎಂಬ ಈ ನ್ಯಾಯ ನಮ್ಮ ದೇಶದವರಿಗೆ ಚೆನ್ನಾಗಿ ಅರ್ಥವಾಗಬೇಕು.

ಇನ್ನೂ ಕಟುವಾದ ದೃಶ್ಯ ಕೇಂಬ್ರಿಜ್‌ನದು. ಓದಿ ಪರೀಕ್ಷೆ ಮುಗಿಸಿದ ಹೆಂಗಸರಿಗೂ ಪದವಿ ಕೊಡಬಹುದೇ ಎಂದು 1897ರ ಮೇ ತಿಂಗಳಲ್ಲಿ ವಿಶ್ವವಿದ್ಯಾನಿಲಯ ಮತ ತೆಗೆದುಕೊಂಡಿತು. ಅಂದು ವಿರೋಧಿ ವಿದ್ಯಾರ್ಥಿಗಳು ಸೆನೆಟ್ ಭವನದ ಎದುರಿನ ಕಟ್ಟಡದಿಂದ ಒಂದು ಬೊಂಬೆಯನ್ನು ತೂಗುಹಾಕಿದರು. ಓದಿದ ಹೆಣ್ಣನ್ನು ಹಂಗಿಸಬೇಕಾದರೆ ಅವಳ ಕೈಗೆ ಪುಸ್ತಕ ಕೊಡಬೇಕಾಗಿತ್ತು ಎಂದು ನಾವು ತಿಳಿದೇವು. ಅವರು ಮಾಡಿದ್ದು ಷರಾಯಿ ತೊಟ್ಟು ಸೈಕಲ್ಲು ಹತ್ತಿದ ಹೆಣ್ಣಿನ ಬೊಂಬೆ. ಹೆಂಗಸರ ಕಡೆಗೆ ಸೋಲಾಯಿತೆಂದು ತಿಳಿದ ಕೂಡಲೆ ಅದನ್ನು ಕೆಳಗೆಳೆದು, ಹರಿದು, ನ್ಯೂನಮ್ ಮಹಿಳಾ ಕಾಲೇಜಿನ ಬಾಗಿಲಿಗೆ ಮೆರವಣಿಗೆ ಹೋದರು. ಆ ವಿಶ್ವವಿದ್ಯಾನಿಲಯದಲ್ಲಿ ಹೆಂಗಸರು ಪೂರ್ಣ ಪದವಿ ಪಡೆದದ್ದು 1948ರಲ್ಲಿ.

ಈ ದೂರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಗಂಟೆ, ಷರಾಯಿ, ಮುಖದ ಬಿಗಿತ—ಇವು ಬಾಯಿಗೆ ಬಂದ ಮಾತುಗಳು. ಮನಸ್ಸಿನಲ್ಲಿದ್ದ ಭಯ ಬೇರೆ. ಅದನ್ನು ಮುಚ್ಚಿಡದೆ ಹೇಳಿದವರೂ ಉಂಟು. 1896ರಲ್ಲಿ ವಾಷಿಂಗ್‌ಟನ್ನಿನ ಷಾರ್ಲಟ್ ಸ್ಮಿತ್ ಎಂಬ ಸಮಾಜ ಸುಧಾರಕಿ, ಸೈಕಲ್ಲು ಹುಡುಗಿಯರನ್ನು ಕೆಟ್ಟ ದಾರಿಗೆ ಎಳೆಯುತ್ತಿದೆ, ಅದನ್ನು ತಡೆಯಬೇಕು ಎಂದು ಬಹಿರಂಗವಾಗಿ ಚಳವಳಿ ಹೂಡಿದಳು. ಈಕೆ ದುಡಿಯುವ ಹೆಂಗಸರ ಹಕ್ಕಿಗಾಗಿ ಹೋರಾಡಿದವಳು. ಈಕೆಯನ್ನು ಬರಿಯ ಸಂಪ್ರದಾಯಸ್ಥಳೆಂದು ತಳ್ಳಿಹಾಕುವಂತಿಲ್ಲ. ಮನೆಯವರ ಕಣ್ಣಿಗೆ ಬೀಳದ ದೂರದಲ್ಲಿ ಹುಡುಗಿಗೆ ಕೇಡಾದರೆ ಕೇಳುವವರು ಯಾರು ಎಂಬ ಪ್ರಶ್ನೆ ನಿಜವಾದ ಪ್ರಶ್ನೆಯೇ. ಆದರೆ ಅದಕ್ಕೆ ರಸ್ತೆಯನ್ನು ಕ್ಷೇಮಗೊಳಿಸುವುದು ಒಂದು ಉತ್ತರ, ಹುಡುಗಿಯನ್ನು ಮನೆಯಲ್ಲಿರಿಸುವುದು ಇನ್ನೊಂದು ಉತ್ತರ. ಎರಡನೆಯದು ಸುಲಭ, ಆದ್ದರಿಂದಲೇ ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಅದಕ್ಕೇ ಕೈ ಮೊದಲು ಹೋಗುತ್ತದೆ.

ಅದೇ 1896ರಲ್ಲಿ, ಎಪ್ಪತ್ತಾರು ವಯಸ್ಸು ಸಮೀಪಿಸಿದ್ದ ಸೂಸನ್ ಆಂಟನಿ, ನೆಲ್ಲಿ ಬ್ಲೈ ಎಂಬ ಪತ್ರಕರ್ತೆಗೆ ಕೊಟ್ಟ ಸಂದರ್ಶನದಲ್ಲಿ ಇದಕ್ಕೆ ತಿರುಗುತ್ತರವೆನ್ನುವಂಥ ಮಾತನ್ನು ಹೇಳಿದಳು: ಹೆಂಗಸಿನ ಬಿಡುಗಡೆಗೆ ಬೈಸಿಕಲ್ಲು ಮಾಡಿದಷ್ಟನ್ನು ಲೋಕದಲ್ಲಿ ಬೇರಾವುದೂ ಮಾಡಿಲ್ಲ ಎಂಬ ಭಾವದ ಮಾತು. ಹೆಂಗಸರ ಮತದ ಹಕ್ಕಿಗಾಗಿ ಊರೂರು ಅಲೆದು ಭಾಷಣ ಮಾಡಿದ ಮುದುಕಿ ಈ ಮಾತನ್ನು ಆಡಿದಳೆಂಬುದೇ ಅದರ ತೂಕ. ಇನ್ನೊಬ್ಬ ನಾಯಕಿ, ಪಾನವಿರೋಧ ಚಳವಳಿಯ ಫ್ರಾನ್ಸಿಸ್ ವಿಲರ್ಡ್, ಐವತ್ಮೂರನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿತು, ಆ ಅನುಭವವನ್ನು 1895ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ತನ್ನ ಸೈಕಲ್ಲಿಗೆ ಗ್ಲಾಡಿಸ್ ಎಂದು ಹೆಸರಿಟ್ಟಿದ್ದಳು.

ಹಾಗಾದರೆ ಮದುವೆಗಳಲ್ಲಿ ನಿಜವಾಗಿ ಏನಾದರೂ ಬದಲಾಯಿತೆ? ಇದನ್ನು ಮನೆಮಾತುಗಳಿಂದ ನಿರ್ಧರಿಸುವುದು ಕಷ್ಟ. ಆದರೆ ಚರ್ಚುಗಳ ಮದುವೆ ದಾಖಲೆಗಳು ಉಳಿದಿವೆ. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹಳ್ಳಿಗಳಲ್ಲಿ 1837ರಿಂದ 1936ರವರೆಗೆ ನಡೆದ ಮದುವೆಗಳನ್ನು ಪಿ. ಜೆ. ಪೆರ್ರಿ ಎಂಬ ಭೂಗೋಳಶಾಸ್ತ್ರಜ್ಞರು ಪರಿಶೀಲಿಸಿ 1969ರಲ್ಲಿ ಒಂದು ಲೇಖನ ಪ್ರಕಟಿಸಿದರು. ವಧುವಿನ ಊರಿಗೂ ವರನ ಊರಿಗೂ ಎಷ್ಟು ದೂರ ಎಂಬುದೇ ಅವರ ಪ್ರಶ್ನೆ. ಶತಮಾನದ ಬಹುಭಾಗ ಕೂಲಿಕಾರರ ಮದುವೆಗಳು ಸ್ವಂತ ಊರಿನಲ್ಲೋ ನೆರೆಯೂರಿನಲ್ಲೋ ಮುಗಿಯುತ್ತಿದ್ದವು. 1880ರ ದಶಕದ ಕೊನೆಯಿಂದೀಚೆಗೆ ಆ ವೃತ್ತ ಅಗಲವಾಗುತ್ತ ಹೋಯಿತು. ಇದಕ್ಕೆಲ್ಲ ಸೈಕಲ್ಲೊಂದೇ ಕಾರಣವೆಂದು ಹೇಳಿದರೆ ಅತಿಮಾತಾದೀತು. ಶಾಲೆ ಬಂದಿತ್ತು, ಪತ್ರಿಕೆ ಬಂದಿತ್ತು, ಹಳ್ಳಿಯ ದುಡಿಮೆ ಪಟ್ಟಣದ ಕಡೆಗೆ ಹೊರಟಿತ್ತು. ಆದರೆ ರೈಲು ಅದಕ್ಕೂ ಎಷ್ಟೋ ವರ್ಷ ಮೊದಲೇ ಬಂದಿತ್ತಲ್ಲ! ರೈಲು ಅದು ಹೇಳಿದ ಹೊತ್ತಿಗೆ, ಅದು ಹೇಳಿದ ಊರಿಗೆ ಒಯ್ಯುತ್ತದೆ. ಸಂಜೆ ಕೆಲಸ ಮುಗಿಸಿ ಆರು ಮೈಲಿ ಆಚೆಯ ಹಳ್ಳಿಯ ಹುಡುಗಿಯನ್ನು ನೋಡಿ ಮಲಗುವ ಹೊತ್ತಿಗೆ ಹಿಂದಿರುಗುವ ಅನುಕೂಲ ಕೂಲಿಕಾರನಿಗೆ ಒದಗಿದ್ದು ಸೈಕಲ್ಲಿನಿಂದ.

ಸ್ವಾತಂತ್ರ್ಯದ ಈ ಕಥೆಗೆ ಗಡಿಗಳೂ ಇದ್ದವು. ಮೊದಮೊದಲು ಒಳ್ಳೆಯ ಸೈಕಲ್ಲಿನ ಬೆಲೆ ಅಮೆರಿಕಾದಲ್ಲಿ ನೂರು ಡಾಲರು. ಕೂಲಿಕಾರನಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಬೆಲೆ ಇಳಿದು, ಹಳೆಯ ಸೈಕಲ್ಲುಗಳು ಕೈ ಬದಲಾಯಿಸತೊಡಗಿದ ಮೇಲೆಯೇ ಬಡವನಿಗೆ ಗಾಲಿ ದಕ್ಕಿತು. ಅಮೆರಿಕಾದ ದೊಡ್ಡ ಸೈಕಲ್ಲುಗಾರರ ಸಂಘ 1894ರಲ್ಲಿ, ಬಿಳಿಯರಲ್ಲದವರು ಸದಸ್ಯರಾಗಬಾರದೆಂದು ನಿಯಮ ಮಾಡಿತು. ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ದಲಿತನೊಬ್ಬ ಮೇಲುಜಾತಿಯವರ ಬೀದಿ ಬಂದೊಡನೆ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗಬೇಕಾಗಿತ್ತು. ಯಂತ್ರಕ್ಕೆ ಜಾತಿಯಿಲ್ಲ, ನಿಜ. ಆದರೆ ಅದು ಓಡುವ ಬೀದಿಗೆ ಇತ್ತು.

ಬೀದಿಯ ಮಾತು ಬಂದದ್ದರಿಂದ ನಮ್ಮ ಊರುಗಳ ಕಡೆಗೂ ತಿರುಗೋಣ. ನಮ್ಮಲ್ಲಿ ಸೈಕಲ್ಲು ಬಹಳ ದಿನ ಗಂಡಸಿನ ವಾಹನವಾಗಿಯೇ ಉಳಿಯಿತು. ಗುಮಾಸ್ತರು, ಮೇಷ್ಟರು, ಹಾಲಿನವರು, ಅಂಚೆಯವರು ಅದನ್ನು ತುಳಿದರು. ಪುರಸಭೆಯ ಲೈಸೆನ್ಸು ಬಿಲ್ಲೆ, ಆರಿಹೋಗುವ ದೀಪ, ಡಬಲ್ ರೈಡಿಂಗಿಗೆ ಹಿಡಿಯುವ ಪೋಲೀಸಿನವರು, ಗಂಟೆ ಮೀರಿದರೆ ಲೆಕ್ಕ ಹೇಳುವ ಬಾಡಿಗೆ ಸೈಕಲ್ ಶಾಪಿನವನು—ಈ ಕಿರುಕುಳಗಳನ್ನು ಹಿಂದಿನ ತಲೆಯವರು ಇಂದಿಗೂ ಪ್ರೀತಿಯಿಂದಲೇ ನೆನೆಯುತ್ತಾರೆ. ಹೆಣ್ಣುಮಕ್ಕಳ ಜಾಗ ಹೆಚ್ಚಾಗಿ ಕ್ಯಾರಿಯರಿನ ಮೇಲೆ. ಅಂದು ಇಂಗ್ಲಿಷ್ ಲಂಗಕ್ಕೆಂದು ಗಾಲಿಗೆ ಹೆಣೆದ ಬಲೆಯ ಹಾಗೆಯೇ ನಮ್ಮ ಮೋಟಾರು ಸೈಕಲ್ಲುಗಳ ಹಿಂಗಾಲಿಗೂ ಸೀರೆ ಸಿಕ್ಕದಂತೆ ತಡೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧವನ್ನಾದರೂ ಮುಚ್ಚಿರಬೇಕು ಎಂದು ವಿಧಿಸಿದವು. ಹಿಂದೆ ಕೂರುವವಳ ಸೀರೆಯನ್ನು ಕಾನೂನು ಕಾಪಾಡಿತು. ಮುಂದೆ ಕೂರುವ ಧೈರ್ಯವನ್ನು ಅವಳೇ ತಂದುಕೊಳ್ಳಬೇಕಾಯಿತು.

ಆ ಧೈರ್ಯ ಒಂದು ಜಿಲ್ಲೆಗೆ ಜಿಲ್ಲೆಯೇ ಮೈದುಂಬಿಕೊಂಡದ್ದು ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟೆಯಲ್ಲಿ. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸುವ ಕಾರ್ಯಕ್ರಮಕ್ಕೆ ಬೆಂಬಲ ಕೊಟ್ಟರು. ಕೊಳ್ಳಲು ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಬೀದಿಯಲ್ಲಿ ಗಂಡಸರ ಅಶ್ಲೀಲ ಮಾತುಗಳನ್ನು ಕೇಳಿಯೂ ಕೇಳದಂತೆ ತುಳಿದು ಕಲಿತ ಹೆಂಗಸರ ಸಂಖ್ಯೆ ಸಾವಿರಗಳನ್ನು ದಾಟಿತು. 1992ರ ಮಹಿಳಾ ದಿನದಂದು ಸಾವಿರದೈನೂರಕ್ಕೂ ಹೆಚ್ಚು ಹೆಂಗಸರು ಹ್ಯಾಂಡಲಿಗೆ ಬಾವುಟ ಕಟ್ಟಿ ಪಟ್ಟಣದಲ್ಲಿ ಮೆರವಣಿಗೆ ಹೊರಟರು. ಪತ್ರಕರ್ತ ಪಿ. ಸಾಯಿನಾಥ್ ಅವರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ಲುಗಳು ಸಾಲದೆ ಹೋದಾಗ ಅವರು ಅಡ್ಡಬಾರಿರುವ ಜೆಂಟ್ಸ್ ಸೈಕಲ್ಲುಗಳನ್ನೇ ಕೊಂಡರು. ಬಾರಿನ ಮೇಲೆ ಮಗುವನ್ನು ಕೂರಿಸಬಹುದು ಎಂಬ ಲಾಭವನ್ನೂ ಕಂಡುಕೊಂಡರು. ಇಂಗ್ಲೆಂಡಿನಲ್ಲಿ ಹೆಣ್ಣಿಗೆಂದು ಬಗ್ಗಿಸಿದ ಬಾರು ನೂರು ವರ್ಷದ ಮೇಲೆ ಪುದುಕ್ಕೋಟೆಯಲ್ಲಿ ಬಗ್ಗದೆಯೇ ಹೆಣ್ಣಿಗೆ ಒದಗಿತು.

ದೂರದ ಲೆಕ್ಕ ಇಲ್ಲಿಯೂ ಅದೇ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲು ಕೊಡಿಸತೊಡಗಿತು. 2006-07ರಲ್ಲಿ ನಮ್ಮ ಕರ್ನಾಟಕದಲ್ಲಿಯೂ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲಿನ ಯೋಜನೆ ಶುರುವಾಯಿತು. ಬಿಹಾರದ ಯೋಜನೆಯನ್ನು ಪರಿಶೀಲಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇಕಡಾ 32ರಷ್ಟು ಏರಿತು. ಹೆಚ್ಚು ಏರಿದ್ದು ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ಆ ಹುಡುಗಿಯರು ಪ್ರಣಯಕ್ಕಾಗ಼ಿ ಹೊರಟವರಲ್ಲ, ಪಾಠಕ್ಕಾಗಿ ಹೊರಟವರು. ಆದರೆ ಎರಡಕ್ಕೂ ಬೇಕಾದ ಮೊದಲ ಅನುಮತಿ ಒಂದೇ: ಮನೆಯವರ ಕಣ್ಣಿಗೆ ಕಾಣದ ತಿರುವನ್ನು ದಾಟುವ ಅನುಮತಿ.

ಕೊನೆಗೆ ನಮ್ಮ ದಿನಗಳ ಮಾತು. 1961ರಲ್ಲಿ ಅಮೆರಿಕಾದ ಬೆಲ್ ಪ್ರಯೋಗಾಲಯದವರು ಒಂದು ದೊಡ್ಡ ಕಂಪ್ಯೂಟರಿನಿಂದ ಮನುಷ್ಯಧ್ವನಿಯಲ್ಲಿ ಹಾಡು ಹೇಳಿಸಿದರು. ಅವರು ಆರಿಸಿಕೊಂಡದ್ದು ಆ ಜೋಡಿ ಸೈಕಲ್ಲಿನ ‘ಡೇಸಿ ಬೆಲ್’ ಹಾಡನ್ನೇ. ಹುಡುಗ ಹುಡುಗಿಯರನ್ನು ಕೂಡಿಸುವ ಕೆಲಸ ಮುಂದೆ ಯಾವ ಯಂತ್ರದ ಪಾಲಿಗೆ ಬರಲಿದೆಯೆಂಬುದಕ್ಕೆ ಇದೊಂದು ಶಕುನವೆಂದು ನಾನು ವಿನೋದಕ್ಕೆ ಅಂದುಕೊಳ್ಳುವುದುಂಟು. ಇಂದು ಪರಿಚಯಗಳು ಫೋನಿನ ಪರದೆಯ ಮೇಲೆ ಆಗುತ್ತವೆ. ಅದರ ಕಿರುಕುಳಗಳೂ ಸೈಕಲ್ಲಿನ ಕಿರುಕುಳಗಳ ಹಾಗೆ ಸಣ್ಣವೇ: ಓದಿದ ಗುರುತು ಬಿದ್ದೂ ಉತ್ತರ ಬಾರದ ಸಂದೇಶ, ನಡುರಾತ್ರಿ ಗುರುತಿಲ್ಲದವನ ‘ಹಾಯ್’, ಹತ್ತು ವರ್ಷ ಹಿಂದಿನ ಚಿತ್ರ ಹಾಕಿ ಕೂತ ವರ. ದೂರುಗಳೂ ಹಳೆಯವೇ. 2016ರಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸೂರಜ್ ಎಂಬ ಹಳ್ಳಿಯ ಹಿರಿಯರು ಮದುವೆಯಾಗದ ಹುಡುಗಿಯರು ಮೊಬೈಲ್ ಫೋನು ಇಟ್ಟುಕೊಳ್ಳಬಾರದೆಂದು ನಿಷೇಧಿಸಿ, ತಪ್ಪಿದರೆ ದಂಡವೆಂದರು. ಫೋನಿನಿಂದ ಓದು ಕೆಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಹುಡುಗರ ಓದಿನ ವಿಚಾರ ಅವರಿಗೆ ಹೊಳೆದಂತೆ ಕಾಣಲಿಲ್ಲ.

ಆದರೆ ಎರಡು ಯಂತ್ರಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದು ನನಗೆ ಸಮಾಧಾನ ಕೊಡುವುದಿಲ್ಲ. ಸೈಕಲ್ಲು ಹೋದ ದಾರಿಯಲ್ಲಿ ಗಾಲಿಯ ಗೆರೆ ಬೀಳುತ್ತಿತ್ತು, ಮರುದಿನದ ಮಳೆ ಅದನ್ನು ಅಳಿಸುತ್ತಿತ್ತು. ಯಾರು ಯಾರೊಡನೆ ಎಷ್ಟು ಹೊತ್ತು ಮರದ ಕೆಳಗೆ ನಿಂತು ಮಾತನಾಡಿದರೆಂಬುದನ್ನು ಸೈಕಲ್ಲು ಯಾರಿಗೂ ಹೇಳುತ್ತಿರಲಿಲ್ಲ. ಫೋನು ಎಲ್ಲವನ್ನೂ ಬರೆದಿಡುತ್ತದೆ: ಎಲ್ಲಿದ್ದೆ, ಎಷ್ಟು ಹೊತ್ತಿಗೆ ಎದ್ದಿದ್ದೆ, ಯಾರಿಗೆ ಉತ್ತರ ಕೊಟ್ಟೆ, ಯಾರಿಗೆ ಕೊಡಲಿಲ್ಲ. ಹುಡುಗಿಯನ್ನು ಅದು ಸಾವಿರ ಮೈಲಿ ದೂರದವರಿಗೆ ಪರಿಚಯ ಮಾಡಿಸುತ್ತದೆ, ಜೊತೆಗೇ ಬೆಂಗಾವಲಮ್ಮನನ್ನು ಅವಳ ಕೈಚೀಲದೊಳಗೆ ಕೂರಿಸಿ ಕಳಿಸುತ್ತದೆ. ಈ ಬೆಂಗಾವಲಮ್ಮನಿಗೆ ಸಂಧಿವಾತವಿಲ್ಲ, ದಿಣ್ಣೆಯೂ ಅಡ್ಡಿಯಲ್ಲ. ತಾನು ಕಂಡದ್ದನ್ನು ಅವಳು ಒಪ್ಪಿಸುವುದು ಮನೆಯವರಿಗೋ, ವ್ಯಾಪಾರಿಗೋ, ಇನ್ನಾರಿಗೋ. ನಮ್ಮ ಮಕ್ಕಳು ನಮಗಿಂತ ಸ್ವತಂತ್ರರೆಂದು ಹೆಮ್ಮೆಪಡುವ ಮುಂಚೆ ಒಂದನ್ನು ಕೇಳಿಕೊಳ್ಳುವುದು ಒಳ್ಳೆಯದು: ಯಾರ ಕಣ್ಣಿಗೂ ಬೀಳದೆ, ಯಾವ ಪಟ್ಟಿಯಲ್ಲೂ ದಾಖಲಾಗದೆ, ಇಬ್ಬರು ಮನುಷ್ಯರು ಒಂದು ಸಂಜೆ ಮಾತನಾಡಿಕೊಂಡು ಬರಬಹುದಾದ ದಾರಿ ಅವರಿಗೆ ಎಷ್ಟು ಮೈಲಿ ಉಳಿದಿದೆ?